ಹೊಲಿಗೆ ಬಿದ್ದ ಪುಟ

ಪೆಟ್ರೋಲ್ ಬಂಕು ಮುಚ್ಚಿ ಮೂರು ವರ್ಷ. ಆದರೂ
ನಮ್ಮ ಪುಸ್ತಕದ ಬಸ್ಸು ನಿಲ್ಲುವುದು ಅಲ್ಲೇ,
ಗುರುವಾರ, ಹನ್ನೊಂದು ಹತ್ತರಿಂದ ಹನ್ನೊಂದೂವರೆ.
ಎಂಜಿನ್ ಆರಿಸುವಂತಿಲ್ಲ. ಈ ಚಳಿಗೆ ಆರಿಸಿದರೆ
ಮತ್ತೆ ಎಬ್ಬಿಸಲು ದೇವರೇ ಇಳಿದು ತಳ್ಳಬೇಕು.
ಎರಡು ತಿಂಗಳು ಮುಖ ತೋರದ ಸೂರ್ಯ
ಗುಡ್ಡದಂಚಿಗೆ ಬಂದು ಹಣೆಯಷ್ಟೇ ಕಾಣಿಸಿ
ಸಾಲ ಕೇಳಲು ನಾಚಿದವನಂತೆ
ಹಿಂದೆ ಸರಿಯುವ ಕಾಲ.

ಸುನ್ನಾ ಬಂದಳು. ಏಳು ವರ್ಷ, ಮುಂದಿನ ಹಲ್ಲು ಎರಡಿಲ್ಲ.
ಕೋಟಿನೊಳಗಿಂದ ತೆಗೆದಳು ‘ನಾನೂ ನಾಗರಿಕ’.
ಐದು ವಾರ ತಡ.
"ಅಜ್ಜಿ ಇನ್ನೂ ಮುಗಿಸಿರಲಿಲ್ಲ," ಅಂದಳು.
ಇಪ್ಪತ್ತೆಂಟು ಪುಟ. ಪುಟಕ್ಕೊಂದು ಸಾಲು!

ಪುಸ್ತಕ ಒಳ್ಳೆಯದೇ, ರಾಜಧಾನಿಯಿಂದ ಪೆಟ್ಟಿಗೆಗಟ್ಟಲೆ ಬಂದದ್ದು.
ನಾಗರಿಕ ಸರದಿಯಲ್ಲಿ ನಿಲ್ಲುತ್ತಾನೆ.
ನಾಗರಿಕ ಹಸಿರು ದೀಪಕ್ಕೆ ಕಾಯುತ್ತಾನೆ.
(ಅಂಥದೊಂದು ದೀಪ ನೋಡಬೇಕಾದರೆ
ಇಲ್ಲಿಂದ ನಾಲ್ಕು ಗಂಟೆ ಬಸ್ಸು ಓಡಿಸಬೇಕು ನಾನು.)
ಆ ಪದದ ಹೊಟ್ಟೆಯೊಳಗೇ ಒಂದು ನಗರ ಕೂತಿದೆ,
ಬಾಗಿಲು ಹಾಕಿಕೊಂಡು, ದೀಪ ಹಚ್ಚಿಕೊಂಡು.
ನಗರವಿಲ್ಲದವರು ಅದರ ಯಾವ ಅಕ್ಷರಕ್ಕೆ ಒರಗಿ
ಮೈ ಕಾಯಿಸಿಕೊಳ್ಳಬೇಕೋ ತಿಳಿಯದು.

ನಮಗೂ ಒಂದು ಪುಟ ಕೊಟ್ಟಿದ್ದಾರೆ, ಇಲ್ಲವೆನ್ನಲಾರೆ.
ಹದಿನೇಳನೆಯದು. ಕಸ ವಿಂಗಡಿಸುವುದಾದ ಮೇಲೆ,
ಮತಪೆಟ್ಟಿಗೆಗೆ ಮುಂಚೆ.
ಡೇರೆಯ ಮುಂದೊಬ್ಬ ಹುಡುಗಿ, ನೀಲಿ ಗಾಕ್ತಿ ತೊಟ್ಟು,
ಹಲ್ಲೆಲ್ಲ ತೋರಿಸಿ ನಗುತ್ತಾಳೆ. ಸುತ್ತ ಹಿಮ,
ಮತ್ತೆ ನಗುವ ಒಂದು ಹಿಮಸಾರಂಗ.

ಅಜ್ಜಿ ಮಾರೆತ್ ಕನ್ನಡಕ ಏರಿಸಿ ಕೇಳಿದ್ದಳಂತೆ:
"ಇವಳು ಯಾರ ಮಗಳು?
ಟೊಪ್ಪಿ ನೋಡಿದರೆ ಕಡಲ ಕಡೆಯವಳು,
ಕೊರಳಪಟ್ಟಿ ತೆಂಕಣ ಗುಡ್ಡದವರದು,
ಅಂಚು? ಇದು ಯಾವ ಮನೆಯದೂ ಅಲ್ಲ.
ಅಯ್ಯೋ, ಹೀಗೆ ತೊಡಿಸಿ ಕಳಿಸಿದರೆ
ಯಾರು ‘ನಮ್ಮವಳು’ ಅಂತ ಒಳಗೆ ಕರೆದಾರು?"

ಅವಳನ್ನು ಸುನ್ನಾಳ ವಯಸ್ಸಿಗೆ ಹಾಸ್ಟೆಲಿಗೆ ಒಯ್ದಿದ್ದರು.
ಅವಳ ಗಾಕ್ತಿಯನ್ನು ಮೂಟೆ ಕಟ್ಟಿ ಅಟ್ಟಕ್ಕೆಸೆದು
ಬೂದು ಫ್ರಾಕು ಕೊಟ್ಟಿದ್ದರು. ಬೇಸಿಗೆಗೆ ಬಿಚ್ಚಿದರೆ
ತೋಳು ಮೊಳಕೈಗೇ ನಿಂತಿತ್ತಂತೆ.
ಇಷ್ಟೇ ಹೇಳುತ್ತಾಳೆ. ಮುಂದೆ ಕೇಳಿದರೆ ಕಾಫಿ ಬಗ್ಗಿಸುತ್ತಾಳೆ.

ಪುಟ ಹದಿನೇಳು ತೆರೆದೆ.
ಕಾಗದದ ಹುಡುಗಿಯ ಅಂಚಿಗೆ
ಕೆಂಪು ನೂಲು, ಹಳದಿ ನೂಲು, ಮತ್ತೆ ಕೆಂಪು,
ಎಳೆಯೆಳೆಯಾಗಿ, ಕಾಗದ ಹರಿಯದ ಹಾಗೆ,
ಪ್ರತಿ ತೂತನ್ನೂ ಮೊದಲೇ ಮೊಳೆಯಿಂದ ಚುಚ್ಚಿಕೊಂಡು.
ಮಗುಚಿದೆ. ಹದಿನೆಂಟು. ಅಲ್ಲಿ ಗಂಟುಗಳು.
ಚೀಟಿ ಹಾಕುವ ಕೈಯ ಮಣಿಕಟ್ಟಿಗೆ ಕೆಂಪು ದಾರ ಅಡ್ಡಬಿದ್ದು,
ಮತಪೆಟ್ಟಿಗೆಯ ಮೈತುಂಬ ಒರಟು ಗಂಟು.

"ದಂಡ ಯಾರು ಕಟ್ಟಬೇಕು?" ಸುನ್ನಾ ಕೇಳಿದಳು,
"ಹೊಲಿದವರಾ, ಬರೆದವರಾ?"

ಹಾನಿಯ ನಮೂನೆಯಲ್ಲಿ ಮನೆಗಳು ಐದು:
ಹರಿದಿದೆ. ನೆನೆದಿದೆ. ಗೀಚಿದೆ. ನಾಯಿ ಕಚ್ಚಿದೆ. ಕಳೆದಿದೆ.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು, ದೇವರಾಣೆ.
ನಮೂನೆ ಇನ್ನೂ ಡ್ಯಾಶ್‌ಬೋರ್ಡಿನಲ್ಲೇ ಇದೆ,
ಅದರ ಮೇಲೊಂದು ಬಾಳೆಹಣ್ಣಿನ ಸಿಪ್ಪೆ.

ಮುಂದಿನ ನಿಲುಗಡೆ ಸೇತುವೆಯಾಚೆ.
ಹೊಳೆಯ ಅರ್ಧಕ್ಕೆ ದೇಶ ಬದಲು, ಗಡಿಯಾರ ಒಂದು ಗಂಟೆ ಮುಂದೆ.
ಯೊವ್ನಾ ಎಂಬ ಹುಡುಗ ಕಪಾಟಿನಲ್ಲಿ ಕೆದಕಿ ಅದನ್ನೇ ಎಳೆದ.
ಚಿತ್ರ ನೋಡಲಿಲ್ಲ, ಮೊದಲು ಹಿಂಬದಿಯ ಗಂಟು ಸವರಿದ,
ಗಾಯದ ಹಕ್ಕಳೆ ಮುಟ್ಟುವವನ ಹಾಗೆ.
ಅವನಮ್ಮ ಬಗ್ಗಿ ನೋಡಿದಳು, ಕೈಗವಸು ಕಳಚಿದಳು,
ಅಂಚಿನ ಮೇಲೆ ಬೆರಳಿಟ್ಟು ಎಣಿಸಿದಳು:
ಕೆಂಪು, ಹಳದಿ, ಕೆಂಪು.
"ಅರೆ," ಅಂದಳು, "ಇವಳು ನಮ್ಮ ದೊಡ್ಡಮ್ಮನ ಕಡೆಯವಳು!"

ಎರಡು ವಾರದೊಳಗೆ ತನ್ನಿ, ಅಂದೆ.
ಇಬ್ಬರೂ ತಲೆಯಾಡಿಸಿದರು.
ತರುವುದಿಲ್ಲ. ನನಗೆ ಗೊತ್ತು.