ಒಂದು ಗೇಣು ಮಣ್ಣು

ಜಾವಾದ ತೆಂಕಣಕ್ಕೆ, ಗುನುಂಗ್ ಕಿದುಲ್‌ನ ಸುಣ್ಣಗಲ್ಲ ಗುಡ್ಡಗಳಲ್ಲಿ
ಸಲಾಕೆ ಊರಿ ಊರಿ ಅಳೆದೆವು:
ಮಣ್ಣು ಒಂದು ಗೇಣು, ಕೆಲವೆಡೆ ನಾಲ್ಕೇ ಬೆರಳು.
ಕೆಳಗೆ ಕಲ್ಲು.
ಕಲ್ಲೆಂದರೆ ಗೆದ್ದಲು ತಿಂದ ತೊಲೆಯಂಥ ಕಲ್ಲು.

ಮಳೆಗೆ ಇಷ್ಟು ಅಂಕ, ಇಳಿಜಾರಿಗಿಷ್ಟು,
ಸೋಸುವ ಮಣ್ಣಿಗಿಷ್ಟು; ಕೂಡಿಸಿದರೆ ಒಂದು ಬಣ್ಣ.
ವಾಗಿರನ್ ಮುದುಕನ ಮನೆ, ಮರಗೆಣಸಿನ ತಾಕು,
ಕೊಟ್ಟಿಗೆಯ ಹಿಂದೆ ಬಾಯ್ದೆರೆದ ಲುವೆಂಗ್ ಎಂಬ ಬಿಲ
ನಮ್ಮ ನಕ್ಷೆಯಲ್ಲಿ ಕಡುಗೆಂಪು.

"ಕೆಂಪಾದರೇನು?"
"ಚೆಲ್ಲಿದ್ದು ಚೆಲ್ಲಿದ ಹಾಗೇ ಇಳಿಯುತ್ತದೆ," ಅಂದಳು ಪುರ್ವಂತಿ,
"ಯಾವ ಬುಗ್ಗೆಗೆ, ಎಷ್ಟು ಹೊತ್ತಿಗೆ, ಅದನ್ನೇ ನೋಡಬೇಕು."
ಅವನು ಗೆಣಸು ಸುಲಿಯುತ್ತಾ, ತಲೆಯೆತ್ತದೆ:
"ಕಡಲ ದಂಡೆಯದಕ್ಕೆ. ಮೂರನೆಯ ನಸುಕಿಗೆ."

ನಾವು ನಕ್ಕೆವು.

ಹಸು ಸತ್ತ ವರ್ಷವಂತೆ.
ಹೂಳೋಣವೆಂದರೆ ಗೇಣು ಮಣ್ಣಲ್ಲಿ ಹಸು ಹಿಡಿಯುತ್ತದೆಯೇ?
ನಾಲ್ವರು ಎಳೆದು ಬಿಲಕ್ಕೆ ದೂಡಿದರು. ರಾತ್ರಿಯೇ ಮಳೆ.
ಕ್ಲಿವೊನ್ ಸಂತೆಗೆ ಬಂದವರ ಬಾಯಲ್ಲಿ
ದಂಡೆಗೆ ಕೊಟ್ಟ ತಂಗಿ ಪೈನೆಮ್‌ಳ ಸುದ್ದಿ:
ಬುಗ್ಗೆ ನಾರುತ್ತಿದೆ, ಮಗುವಿಗೆ ಭೇದಿ ನಿಲ್ಲುತ್ತಿಲ್ಲ.

"ಉಳಿದ. ಈಗ ಲಾರಿ ಓಡಿಸುತ್ತಾನೆ," ಅಂದ,
ನಾವು ಕೇಳುವ ಮೊದಲೇ.
ಸಿಪ್ಪೆಯನ್ನು ಬಿಲದತ್ತ ಎಸೆಯಲು ಎತ್ತಿದ ಕೈ
ಹಾಗೇ ನಿಂತು, ಬುಟ್ಟಿಗಿಳಿಯಿತು.

ಮರುದಿನ ಸಂಜೆ ನಾಲ್ಕಕ್ಕೆ ಸುರಿದೆವು.
ಇಟ್ಟಿಗೆಪುಡಿಯಂಥ ಪುಡಿ, ನೀರು ಮುಟ್ಟಿದೊಡನೆ ಗಿಣಿಹಸಿರು.
ಬಿಲ ಗಟಗಟ ಕುಡಿದು ಸುಮ್ಮನಾಯಿತು.

ಬುಗ್ಗೆಯಲ್ಲಿ ಯಂತ್ರವಿಟ್ಟು ಪಾಳಿಯಲ್ಲಿ ಕಾದೆವು.
ಮೂರನೆಯ ನಸುಕು, ನಾವು ತೂಕಡಿಸುವಾಗ,
ಯಾರದೋ ಬೈಕಿನ ಹಿಂದಿನಿಂದ ಇಳಿದ ಮುದುಕ
ಸಾರೊಂಗ್ ಎತ್ತಿ ಕಟ್ಟಿ ಪಾಚಿ ಮೆಟ್ಟಿಲಿಳಿದ.
ಪೈನೆಮ್ ಕ್ಯಾನು ಮುಳುಗಿಸಿದ್ದಳು.
"ಇವತ್ತು ತುಂಬಬೇಡ."
"ಬರೀ ಬಣ್ಣವಂತೆ ಅಣ್ಣಾ. ಕುಡಿದರೂ ಏನಾಗದಂತೆ, ಅವರೇ ಹೇಳಿದರು."
"ಆದರೂ."

ಕ್ಯಾನು ಕಿತ್ತುಕೊಂಡು, ಬರಿದು ಮಾಡಿ, ಬೋರಲಿಟ್ಟು
ಅದರ ಮೇಲೆಯೇ ಕೂತ.
ಏನೋ ಹೇಳತೊಡಗಿದ. ಅಲೆಯ ಮೊರೆತಕ್ಕೆ
ನಮಗೆ ಒಂದು ಮಾತೂ ಕೇಳಲಿಲ್ಲ.

ಯಂತ್ರದ ಪರದೆಯಲ್ಲಿ ಗೆರೆ ಏರಿತು.
ಅರವತ್ತೊಂದು ಗಂಟೆ, ಬರೆದುಕೊಂಡಳು ಪುರ್ವಂತಿ.
ನೀರು ಮೊದಲು ಎಳೆಬಾಳೆಯಷ್ಟು, ಆಮೇಲೆ ದಟ್ಟ,
ಕಣ್ಣು ಕುಕ್ಕುವಷ್ಟು ಹಸಿರು.
ಸುತ್ತ ಹುಡುಗರು ಹೋ ಎಂದು ಕೂಗಿದರು.
ಪೈನೆಮ್ ನೀರು ನೋಡುತ್ತಿರಲಿಲ್ಲ.