ನಾನೂರ ಹನ್ನೆರಡರಲ್ಲಿ ಒಂದು

ಹೀಯುಮಾ ದ್ವೀಪದ ನಮ್ಮ ಮ್ಯೂಸಿಯಮ್ಮಿಗೆ
ಎರಡೇ ಕೋಣೆ, ಒಂದು ಕಬ್ಬಿಣದ ಒಲೆ, ಮತ್ತೆ ನಾನು.
ಮೂರನೆಯ ಕೋಣೆ ಅಂತರ್ಜಾಲದಲ್ಲಿದೆ,
ಅದಕ್ಕೆ ಬೀಗವಿಲ್ಲ, ಚಳಿಗಾಲದ ರಜೆಯಿಲ್ಲ.

ಅದರ ಹೊಸ್ತಿಲಲ್ಲೇ ಒಂದು ಚೌಕ ಬಿಡಿಸಿ
ಪ್ಲಗಿನ್ ಕೂರಿಸಿದೆ ಕಳೆದ ನವೆಂಬರಿನಲ್ಲಿ.
ಪುಕ್ಕಟೆಯದು. ಯಾರೋ ಎಲ್ಲೋ ಕೂತು ಬರೆದದ್ದು.
ಫೋಲ್ಡರು ತೋರಿಸಿ ಒಂದು ಗುರುತು ಹಾಕಿದರೆ ಸಾಕು,
ಪುಟ ತೆರೆದಾಗಲೆಲ್ಲ
ನಾನೂರ ಹನ್ನೆರಡು ಹಳೆಯ ಫೋಟೋಗಳೊಳಗೆ ಕೈಯಾಡಿಸಿ
ಒಂದನ್ನು ಎತ್ತಿ ಕೊಡುತ್ತದೆ,
ಕಣ್ಣು ಮುಚ್ಚಿ ಚೀಟಿ ಎತ್ತುವ ಮಗುವಿನ ಹಾಗೆ.

ಮೊದಲ ವಾರವೇ ದೂರು.
ಬೇಕರಿಯ ಹಿಲ್ಯಾ: "ನನಗೆ ಮೂರು ಸಲವೂ ಅದೇ ಹಂದಿ!"
ಪಾದ್ರಿ ಟೀಟ್: "ಚರ್ಚಿನ ಗೋಪುರ ಒಮ್ಮೆಯೂ ಬರಲಿಲ್ಲವಲ್ಲ,
ಯಾರದಾದರೂ ಕೈವಾಡವೆ?"
ಏನು ಹೇಳಲಿ. ಅದೃಷ್ಟಕ್ಕೆ ನೆನಪಿಲ್ಲ,
ಈಗಷ್ಟೇ ಕೊಟ್ಟದ್ದನ್ನು ಮತ್ತೆ ಕೊಡಲು ನಾಚಿಕೆಯೂ ಇಲ್ಲ.

ಎಂಡೆಲ್ ಮಾತ್ರ ದೂರಲಿಲ್ಲ.
ಮೂವತ್ತೊಂದು ವರ್ಷ ಫೆರ್ರಿಯ ಎಂಜಿನ್ ಕೋಣೆಯಲ್ಲಿದ್ದು
ಎಡಗಿವಿ ಕಳೆದುಕೊಂಡವನು.
ಮಂಗಳವಾರ, ಶುಕ್ರವಾರ ಬರುತ್ತಾನೆ,
ಬೂಟಿನ ಹಿಮ ಕೊಡವಿ ಒಲೆಯ ಪಕ್ಕ ಕೂತು
ಒಂದೇ ಗುಂಡಿ ಒತ್ತುತ್ತಾನೆ.
ಹಂದಿ. ಹಡಗುಕಟ್ಟೆ. ಯಾರದೋ ಮದುವೆ. ಹಂದಿ.
ಹೆಪ್ಪುಗಟ್ಟಿದ ಕಡಲಿಗೆ ತೂತು ಕೊರೆದು
ಗಾಳ ಬಿಟ್ಟು ಕೂತವನ ಬೆನ್ನು ಅದೇ.

ಯಾರು ಬೇಕು, ಎಂದೆ ಬಲಗಿವಿಗೆ.
"ಲೈಡಾ. ಡೈರಿಯ ಮುಂದೆ, ಹಾಲಿನ ಕ್ಯಾನಿನ ಮೇಲೆ ಕಾಲಿಟ್ಟು.
ಅರವತ್ತೊಂದನೇ ಇಸವಿ. ಅವಳಿಗಿನ್ನೂ ನಾನು ಗೊತ್ತಿಲ್ಲ."
ಹೆಸರು ಟೈಪು ಮಾಡಿ, ನೇರ ಬರುತ್ತಾಳೆ.
"ಹೆಸರು ಕೂಗಿದರೆ ಬರುವುದು ನಾಯಿ.
ನಲವತ್ತಾರು ವರ್ಷದಲ್ಲಿ ಅವಳು
ಒಮ್ಮೆಯೂ ಕರೆದಾಗ ಬಂದವಳಲ್ಲ."

ಆ ರಾತ್ರಿ ನಾನು ಕಳ್ಳಿಯಾದೆ.
ಲೈಡಾಳ ಚಿತ್ರಕ್ಕೆ ನೂರು ಪ್ರತಿ ತೆಗೆದು
ನೂರು ಸುಳ್ಳು ಹೆಸರಿಟ್ಟು ಫೋಲ್ಡರಿಗೆ ಸುರಿದೆ.

ಶುಕ್ರವಾರ, ಮೂರನೆಯ ಒತ್ತಿಗೇ ಬಂದಳು.
ಎಂಡೆಲ್ ಟೋಪಿ ತೆಗೆದ.
ಕ್ಯಾನು, ಅದರ ಮೇಲಿನ ಕಾಲು, ಬಿಸಿಲಿಗೆ ಕಿರಿದಾದ ಕಣ್ಣು.
ಬಹಳ ಹೊತ್ತಿನ ಮೇಲೆ ಮತ್ತೆ ಒತ್ತಿದ.
ಏಳಕ್ಕೆ ಬಂದಳು. ಒಂಬತ್ತಕ್ಕೂ ಬಂದಳು.
ಟೋಪಿ ಹಾಕಿಕೊಂಡ. ನನ್ನ ಕಡೆ ತಿರುಗದೆ,
"ಮಾರಿಕಾ, ಮೀನಂಗಡಿಯ ತೊಟ್ಟಿಗೆ ಗಾಳ ಹಾಕಿಸಿದೆಯಲ್ಲ ನನ್ನಿಂದ."

ನೂರನ್ನೂ ಒಂದೊಂದಾಗಿ ಅಳಿಸಿದೆ,
ಕೊನೆಯದು ಅವಳೇ ಅಲ್ಲ ತಾನೆ ಎಂದು
ಎರಡೆರಡು ಸಲ ನೋಡಿ.

ಎರಡು ವಾರ ಬರಲಿಲ್ಲ. ಆಮೇಲೆ ಬಂದ.
ಈಗ ಮಾರ್ಚಿ, ಕಿಟಕಿಯ ಹೊರಗೆ ಸೂರು ತೊಟ್ಟಿಕ್ಕುತ್ತಿದೆ.
ಲೈಡಾ ಮತ್ತೆ ಬಂದಿಲ್ಲ.
ಬಂದವರನ್ನು ಮಾತ್ರ ಅವನು ಸುಮ್ಮನೆ ಕಳಿಸುವುದಿಲ್ಲ:
"ಬರೆದುಕೋ. ಬುಟ್ಟಿ ಹಿಡಿದ ಹುಡುಗ ಹೈನೋ,
ಇವನಕ್ಕ ಸಾಲ್ಮೆ, ಹಿಂದೆ ಅರ್ಧ ಕಾಣುವವನು ದರ್ಜಿ."
ಅರವತ್ತು ವರ್ಷ 'ಅಪರಿಚಿತ' ಎಂದಿದ್ದ ಅಡಿಬರಹಗಳು
ಒಂದೊಂದಾಗಿ ಹೆಸರು ಉಟ್ಟುಕೊಳ್ಳುತ್ತಿವೆ.

ನಿನ್ನೆ ಕೊನೆಯ ಒತ್ತಿಗೆ ಮತ್ತೆ ಹಂದಿ.
ಅದರ ಹೆಸರೂ ಅವನಿಗೆ ಗೊತ್ತಿತ್ತು.