ಹಿಂಬದಿ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.
ಸ್ಯಾಗಿನಾ ಊರಿನ ಕ್ಷೌರದಂಗಡಿಯ ಫೋನಿನಲ್ಲಿ
ಗ್ರಾಮಫೋನ್ ತಟ್ಟೆ ಒತ್ತುವವನಿಗೆ ಹೆಸರು ಹೇಳಿದವನು ನಾನು.
ಹಿಂದೆ ಕತ್ತರಿ, ಬೇಸ್‌ಬಾಲ್ ಕಾಮೆಂಟರಿ, ಯಾರದೋ ನಗು.
ಓಜೆಲ್ಲಾ ಪ್ರುಯಿಟ್ ಎಂದೆ.
ಅವನು ರೋಜೆಲ್ಲಾ ಎಂದು ಬರೆದುಕೊಂಡ.

ಸಾಸಿವೆಯಷ್ಟು ತಪ್ಪು.
ಐನೂರು ತಟ್ಟೆ ಬಂದವು, ಐನೂರರಲ್ಲೂ ಅದೇ.
ಮತ್ತೆ ಒತ್ತಿಸಲು ದುಡ್ಡೆಲ್ಲಿತ್ತು?
ಅವಳು ಒಂದನ್ನು ಬೆಳಕಿಗೆ ಹಿಡಿದು ನೋಡಿ
"ಹೆಸರು ಚೆಂದ. ಯಾರಿವಳು?" ಎಂದಳು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಅವಳಿಗೆ.
ಹೆರಿಗೆ ವಾರ್ಡಿನ ದುಪ್ಪಟಿ, ಹೆಣಕ್ಕೆ ಹೊದಿಸಿದ ದುಪ್ಪಟಿ
ಒಂದೇ ಹಬೆಯಲ್ಲಿ ಬೇಯುವ ಜಾಗ.
ಕಂಠ ಪಳಗಿದ್ದು ಅಲ್ಲೇ ಅನ್ನುತ್ತಿದ್ದಳು,
ಯಂತ್ರದ ಗದ್ದಲದ ಮೇಲೆ ಹತ್ತಲು ಹೋಗದೆ
ಅದರ ಅಡಿಯಲ್ಲಿ ನುಸುಳಿ ನುಸುಳಿ.
ಭಾನುವಾರ ಚರ್ಚಿನಲ್ಲಿ ಎರಡನೇ ಸಾಲು;
ಮೊದಲನೆಯದು ಪಾದ್ರಿಯ ಸೊಸೆಗೆ.

ಅರವತ್ತೇಳು. ಡೆಟ್ರಾಯಿಟ್ ಉರಿಯುತ್ತಿದ್ದ ವಾರ
ನಮ್ಮೂರಲ್ಲೂ ಕತ್ತಲಾದರೆ ಹೊರಬೀಳುವಂತಿಲ್ಲ.
ಲಿಯಾಂಡರ್ ಗ್ಯಾಡಿಸ್‌ನ ಗ್ಯಾರೇಜಿನಲ್ಲಿ
ಮುಂಬದಿಯ ಹಾಡಿಗೇ ಹಗಲು ಸವೆದು
ಹಿಂಬದಿಗೆ ಉಳಿದದ್ದು ಹನ್ನೊಂದು ನಿಮಿಷ.
"ಏನಾದರೂ ಹಾಡು, ಹೊರಡೋಣ."
ಅವಳು ಚಪ್ಪಲಿ ಬಿಟ್ಟಳು.
ಡ್ರಮ್ಮಿನ ಸೈಲಸ್‌ಗೆ ಮನೆ ಸೇರುವ ಅವಸರ,
ಅದೇ ತಾಳವಾಯಿತು.
ನನ್ನ ಆರ್ಗನ್ನಿನ ಒಂದು ಮನೆ ಕೆಟ್ಟಿತ್ತು.
ಆ ಸ್ವರ ಬಂದಾಗಲೆಲ್ಲ ನಾನು ಸುಮ್ಮನಾದೆ,
ಆ ಸಂದಿಯಲ್ಲಿ ಅವಳು ಉಸಿರು ತೆಗೆದುಕೊಂಡಳು.
ಈಗ ಅದನ್ನು ಕಲೆ ಅನ್ನುತ್ತಾರೆ.

ಕಿವಿಯಿಟ್ಟರೆ ಕೇಳುತ್ತದೆ, ಎರಡನೇ ಚರಣದಲ್ಲಿ,
ದೂರದ ಒಂದು ಸೈರನ್.
ಅವಳು ಬೆಚ್ಚಲಿಲ್ಲ. ಅದರ ಶ್ರುತಿಗೆ ಕೊಂಚ ಜಾರಿ,
ಬೀದಿಯ ತಿರುವಿನವರೆಗೆ ಜೊತೆಗೆ ನಡೆದು,
ಅದನ್ನು ಬೀಳ್ಕೊಟ್ಟು, ತನ್ನ ಶ್ರುತಿಗೆ ಮರಳಿದಳು.

ಮಾರಿದ್ದು ಅರವತ್ತೋ ಎಪ್ಪತ್ತೋ.
ಉಳಿದವು ಗ್ಯಾಡಿಸ್‌ನ ಅಟ್ಟದಲ್ಲಿ ಸೆಕೆಗೆ ಬಾಗಿದವು;
ಕೆಲವನ್ನು ಅವನ ಮಕ್ಕಳು ಪಾರಿವಾಳಗಳತ್ತ ಬೀಸಿದರು.
ಫ್ಲಿಂಟ್, ಬೇ ಸಿಟಿ, ಒಮ್ಮೆ ಟೊಲೆಡೊ,
ಇಷ್ಟೇ ಅವಳ ದಿಗ್ವಿಜಯ.
ಟೊಲೆಡೊದಲ್ಲಿ ಮೈಕು ಕೈಕೊಟ್ಟಿತು; ಬರೀ ಗಂಟಲಲ್ಲಿ ಹಾಡಿದಳು.
ದುಡ್ಡು ಕೊಡಬೇಕಾದವ ಹಿತ್ತಿಲ ಬಾಗಿಲಿಂದ ಹೋಗಿದ್ದ.
ಆಮೇಲೆ ಮದುವೆ, ಎರಡು ಮಕ್ಕಳು, ಒಂದು ಆಪರೇಷನ್,
ಮತ್ತೆ ಲಾಂಡ್ರಿ.

ಕಡಲಾಚೆ, ಇಂಗ್ಲೆಂಡಿನ ಯಾವುದೋ ಗಿರಣಿಯೂರಿನಲ್ಲಿ,
ನಡುರಾತ್ರಿ, ನೆಲಕ್ಕೆ ಟಾಲ್ಕಂ ಪೌಡರು ಚೆಲ್ಲಿ
ಪಾಳಿ ಮುಗಿಸಿ ಬಂದ ಬಿಳಿ ಹುಡುಗರು
ಗಿರಗಿರ ತಿರುಗುತ್ತಿದ್ದರಂತೆ, ನಮ್ಮ ಹಿಂಬದಿಗೆ,
ಸೈಲಸ್‌ನ ಅವಸರಕ್ಕೆ.
ರೋಜೆಲ್ಲಾಳನ್ನು ಹುಡುಕಿದರಂತೆ,
ಟೆಲಿಫೋನ್ ಡೈರೆಕ್ಟರಿಗಳಲ್ಲಿ, ಗೋರಿಗಲ್ಲುಗಳಲ್ಲಿ.
ಹುಟ್ಟದೇ ಇದ್ದವಳು ಎಲ್ಲಿ ಸಿಗಬೇಕು?

ಕೊನೆಗೆ ಸಿಕ್ಕವನು ನಾನು.
ತಟ್ಟೆಯ ಮೂಲೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ
ನನ್ನ ಹೆಸರು ಮಾತ್ರ ಸರಿಯಾಗಿತ್ತು.
ಡೆನಿಸ್ ಆರ್ಮರಾಡ್, ನಿವೃತ್ತ ಅಂಚೆಯವನು,
ಮಂಡಿ ಹೋಗಿದೆ, ಕುಣಿದೇ ಹೋಯಿತಂತೆ.
ಅವನನ್ನು ಓಜೆಲ್ಲಾಳ ಬಳಿ ಕರೆದೊಯ್ದೆ.
ಎಪ್ಪತ್ತೊಂಬತ್ತು ವರ್ಷ; ಕೈಗೆ ಸಿಕ್ಕಿದ್ದನ್ನೆಲ್ಲ
ಅಂಚಿಗೆ ಅಂಚು ಕೂಡಿಸಿ ಮಡಿಸುವ ಚಾಳಿ ಹೋಗಿಲ್ಲ.
ಅವನು ಕಣ್ಣೊರೆಸಿಕೊಂಡ ಕರ್ಚೀಫನ್ನೂ
ಇಸಿದುಕೊಂಡು ಮಡಿಸಿಟ್ಟಳು.

ಹೊಸದಾಗಿ ಒತ್ತಿಸುತ್ತೇವೆ, ಹೆಸರು ತಿದ್ದುತ್ತೇವೆ ಎಂದ.
"ಬೇಡಪ್ಪ. ಬಿಲ್ಲುಗಳೆಲ್ಲ ಓಜೆಲ್ಲಾಗೆ ಬಂದವು.
ಕುಣಿತ ಅವಳಿಗೇ ಇರಲಿ."

ಹಾಡು ಹಾಕಿದ. ನಾನು ನೆಲ ನೋಡುತ್ತ,
ಆ ಫೋನಿನ ವಿಷಯ ಇವತ್ತಾದರೂ ಹೇಳಬೇಕು
ಎಂದು ಬಾಯಿ ತೆರೆಯುವಷ್ಟರಲ್ಲಿ ಆ ಸಂದಿ ಬಂತು,
ಅವಳ ಇಪ್ಪತ್ತಾರರ ಉಸಿರು.

"ಆ ಮನೆ ರಿಪೇರಿ ಮಾಡಿಸಿದೆಯಾ?"
ಇಲ್ಲ ಎಂದೆ.
"ಒಳ್ಳೇದಾಯ್ತು" ಎಂದಳು.